ಯುದ್ಧಕಾಲದಲ್ಲಿ ಊರು ಬಿಟ್ಟ ಮಕ್ಕಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಯುದ್ಧದ ಭಯದಿಂದ ಬಾಲ್ಯದಲ್ಲಿ ಮನೆ ಬಿಟ್ಟು ಬೇರೆಡೆ ಹೋಗಬೇಕಾಗಿ ಬಂದವರ ನೆನಪುಗಳ ಬಗ್ಗೆ ಈ ಅಂಕಣದಲ್ಲಿ ಕೆಲವು ತಿಂಗಳ ಹಿಂದೆ ಒಂದು ಚಿಕ್ಕ ಉತ್ತರ ಪ್ರಕಟವಾಗಿತ್ತು. ಅದನ್ನು ಓದಿದ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಹಲವರು ತಮ್ಮ ಮನೆಯ ಹಿರಿಯರು ಹೇಳುವ ಸಂಗತಿಗಳನ್ನು ಬರೆದು ಕಳಿಸಿ, ಅವು ನಿಜವೇ, ಯಾವ ಕಾಲದವು ಎಂದು ಕೇಳಿದ್ದಾರೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನ್ನ ಅವ್ವ 1963ರಲ್ಲಿ ಹುಟ್ಟಿದವರು. ಅವರ ತಂದೆ ಸೈನ್ಯದಲ್ಲಿ ಹವಾಲ್ದಾರರಾಗಿದ್ದರು. ಯುದ್ಧ ಶುರುವಾದಾಗ ಪಠಾಣಕೋಟದ ಕ್ವಾರ್ಟರ್ಸ್‌ನಿಂದ ಆಯಿಯನ್ನೂ ಇಬ್ಬರು ಮಕ್ಕಳನ್ನೂ ಊರಿಗೆ ಕಳಿಸಿದರಂತೆ. ಕಿಟಕಿಯ ಗಾಜಿಗೆ ಕಂದು ಕಾಗದ ಅಂಟಿಸಿದ್ದು, ಸ್ಟೇಷನ್ನಿನಲ್ಲಿ ಒಂದೂ ದೀಪವಿಲ್ಲದಿದ್ದರೂ ಬೆಳದಿಂಗಳಿನಲ್ಲಿ ತಂದೆಯ ಮುಖ ಕಂಡದ್ದು, ಮೀರಜದಲ್ಲಿ ಗಾಡಿ ಬದಲಿಸಿದ್ದು, ಊರು ತಲುಪಿದ ಮೇಲೆ ಹೊಲದಲ್ಲಿ ಸೀತನಿ (ಸುಟ್ಟ ಎಳೆಯ ಜೋಳದ ತೆನೆ) ತಿಂದದ್ದು ಅವ್ವನಿಗೆ ಚೆನ್ನಾಗಿ ನೆನಪಿದೆ. ಇದು 1971ರ ಮಾತು ಎಂದು ಅವ್ವ, 1965ರದು ಎಂದು ದೊಡ್ಡ ಮಾಮಾ ಹಬ್ಬಕ್ಕೆ ಸೇರಿದಾಗಲೆಲ್ಲ ವಾದಿಸುತ್ತಾರೆ. ಇನ್ನೊಂದು ಸಂಗತಿಯೂ ಇದೆ. 2025ರ ಮೇ ತಿಂಗಳಲ್ಲಿ ಟಿ.ವಿ.ಯಲ್ಲಿ ಸೈರನ್ ಕೇಳಿದಂದಿನಿಂದ ಅವ್ವ ಒಂದು ಕೈಚೀಲದಲ್ಲಿ ಎರಡು ಸೀರೆ, ಔಷಧ, ಆಧಾರ್ ಕಾರ್ಡು ಇಟ್ಟು ಅದನ್ನು ಬಾಗಿಲ ಹಿಂದೆ ತೂಗುಹಾಕಿದ್ದಾರೆ. ಅದನ್ನು ತೆಗೆದರೆ ಸಿಟ್ಟಾಗುತ್ತಾರೆ. ಏನು ಮಾಡಬೇಕು? (ಬೈಲಹೊಂಗಲದಿಂದ)

ಉತ್ತರ: ನಿಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಪಠಾಣಕೋಟದ ವಿಮಾನನೆಲೆಯ ಮೇಲೆ ಎರಡೂ ಯುದ್ಧಗಳಲ್ಲಿ ದಾಳಿ ನಡೆದಿತ್ತು: ಮೊದಲನೆಯದರಲ್ಲಿ 1965ರ ಸೆಪ್ಟೆಂಬರ್ 6ರಂದು, ಎರಡನೆಯದರಲ್ಲಿ 1971ರ ಡಿಸೆಂಬರ್ 3ರ ಸಂಜೆ. ಆದ್ದರಿಂದ ಊರಿನ ಹೆಸರಿನಿಂದಾಗಲಿ, ಕಂದು ಕಾಗದದಿಂದಾಗಲಿ ವರ್ಷವನ್ನು ತೀರ್ಮಾನಿಸಲು ಬರುವುದಿಲ್ಲ. ಬೆಳದಿಂಗಳು ಒಳ್ಳೆಯ ಸಾಕ್ಷಿಯಂತೆ ಕಾಣುತ್ತದೆ, ಆದರೆ ಇಲ್ಲಿ ಅದೂ ಉಪಯೋಗಕ್ಕೆ ಬಾರದು. ಏಕೆಂದರೆ 1965ರಲ್ಲಿ ಸೆಪ್ಟೆಂಬರ್ 10ರಂದು ಹುಣ್ಣಿಮೆ ಇತ್ತು, 1971ರಲ್ಲಿ ಡಿಸೆಂಬರ್ 2ರಂದು ಹುಣ್ಣಿಮೆ ಇತ್ತು, ಅಂದರೆ ಎರಡು ಸಲವೂ ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೂ ಚಂದ್ರ ಮಾತ್ರ ಯಾರ ಆಜ್ಞೆಗೂ ಒಳಪಡದೆ ಬೆಳಗುತ್ತಿದ್ದ.

ವರ್ಷವನ್ನು ನಿರ್ಣಯಿಸುವುದು ಸೀತನಿ. ನಿಮ್ಮ ಭಾಗದ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುತ್ತಾರೆ. ತೆನೆ ಹಾಲುಗಟ್ಟಿ, ಸುಟ್ಟು ತಿಕ್ಕಿ ತಿನ್ನುವ ಹದಕ್ಕೆ ಬರುವುದು ಡಿಸೆಂಬರಿನಲ್ಲಿ ಮತ್ತು ಅದರ ನಂತರ. 1965ರ ಸೆಪ್ಟೆಂಬರಿನಲ್ಲಿ ಊರು ತಲುಪಿದ ಮಗು ಕಂಡಿರಬೇಕಾದದ್ದು ಬಿತ್ತಿಗೆಯ ಕೂರಿಗೆ ಮತ್ತು ಅಕ್ಟೋಬರ್ ಮೊದಲ ವಾರದ ಬನ್ನಿಹಬ್ಬ, ಸೀತನಿಯಂತೂ ಸಾಧ್ಯವಿಲ್ಲ. ಇನ್ನೊಂದನ್ನು ಕೇಳಿ ನೋಡಿ. ಊರಿಗೆ ಬಂದ ಕೂಡಲೇ ಎಳ್ಳ ಅಮಾವಾಸ್ಯೆಗೆ ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದ ನೆನಪು ಅವ್ವನಿಗಿದೆಯೇ? 1971ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್ 17ರಂದು ಬಂದಿತ್ತು. ಅದೇ ದಿನ ರಾತ್ರಿ 8 ಗಂಟೆಗೆ ಪಶ್ಚಿಮದ ಗಡಿಯಲ್ಲಿ ಕದನವಿರಾಮ ಜಾರಿಗೆ ಬಂತು. ಹಗಲು ಹೊಲದಲ್ಲಿ ಊಟ ಮಾಡಿ, ರಾತ್ರಿ ಯಾರದೋ ಮನೆಯ ರೇಡಿಯೋ ಮುಂದೆ ಹಿರಿಯರು ಗುಂಪುಗೂಡಿದ ನೆನಪು ಅವರಿಗಿದ್ದರೆ, ನಿಮ್ಮ ಮನೆಯ ವಾದ ಅಲ್ಲಿಗೆ ಮುಗಿಯಿತು.

ಹಾಗೆಂದು ಮಾಮಾನವರನ್ನು ಸುಳ್ಳುಗಾರರೆಂದು ತಿಳಿಯಬೇಡಿ. 1965ರಲ್ಲಿ ಅವ್ವನಿಗೆ ಎರಡು ವರ್ಷ. ಅಷ್ಟು ಎಳೆಯ ವಯಸ್ಸಿನ ಸಂಗತಿಗಳು ದೊಡ್ಡವರಾದ ಮೇಲೆ ನೆನಪಿನಲ್ಲಿ ಉಳಿಯುವುದು ಬಹಳ ಅಪರೂಪ. ಅಣ್ಣನಾದವರಿಗೆ ಆಗ ಆರೇಳು ವರ್ಷ ಆಗಿದ್ದರೆ, ಅವರು ಹೇಳುತ್ತಿರುವುದು ಬೇರೊಂದು ಪ್ರಯಾಣವನ್ನೇ ಇರಬಹುದು. ಸೈನಿಕರ ಕುಟುಂಬಗಳು ಎರಡು ಯುದ್ಧಗಳಲ್ಲಿ ಎರಡು ಸಲ ಹೀಗೆ ಊರಿಗೆ ಬಂದದ್ದುಂಟು, ಮತ್ತು ಹಬ್ಬದ ಮನೆಯಲ್ಲಿ ಹೇಳಿ ಹೇಳಿ ಎರಡು ಪ್ರಯಾಣಗಳು ಒಂದಾಗಿಬಿಡುವುದೂ ಉಂಟು. ನಿಮ್ಮ ಅಜ್ಜನವರ ಡಿಸ್ಚಾರ್ಜ್ ಬುಕ್ಕು ಟ್ರಂಕಿನಲ್ಲೆಲ್ಲಾದರೂ ಉಳಿದಿದ್ದರೆ ತೆಗೆದು ನೋಡಿ. ಯಾವ ವರ್ಷ ಯಾವ ಘಟಕದಲ್ಲಿದ್ದರು ಎಂಬುದು ಅದರಿಂದ ತಿಳಿಯಬಹುದು.

ಇನ್ನು ಕೈಚೀಲದ ವಿಷಯ. ನನ್ನ ಅಭಿಪ್ರಾಯದಲ್ಲಿ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಎಂಟು ವರ್ಷದ ಹುಡುಗಿಗೆ ಅಂದು ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂದು ಯಾರೂ ಕೇಳಿರಲಿಲ್ಲ. ಇಂದು ಅವರು ಅದನ್ನು ತಾವೇ ನಿರ್ಧರಿಸಿ ಸಿದ್ಧವಾಗಿಟ್ಟುಕೊಂಡಿದ್ದಾರೆ, ಅದರಿಂದ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ. ಒಂದು ದಿನ ಅವರ ಜೊತೆ ಕುಳಿತು ಚೀಲ ಬಿಚ್ಚಿಸಿ, ಔಷಧಗಳ ಅವಧಿ ಮುಗಿದಿದೆಯೇ ಎಂದು ನೋಡಿ ಬದಲಿಸಿ ಕೊಡಿ. ಆ ನೆಪದಲ್ಲಿ ಅವರು ಇಷ್ಟು ದಿನ ಹೇಳದ ನಾಲ್ಕು ಮಾತು ಹೇಳಿಯಾರು. ತೆಗೆದುಹಾಕಬೇಕಾದದ್ದು ಟಿ.ವಿ.ಯ ಸದ್ದನ್ನು. ಆ ಮೇ ತಿಂಗಳಲ್ಲಿ ಕೆಲವು ವಾಹಿನಿಗಳು ಸುದ್ದಿಯ ಹಿನ್ನೆಲೆಗೆ ಸೈರನ್ ಧ್ವನಿ ಸೇರಿಸತೊಡಗಿದಾಗ, ಹಾಗೆ ಮಾಡಬಾರದೆಂದು ಕೇಂದ್ರ ಸರ್ಕಾರವೇ ಸೂಚನೆ ಹೊರಡಿಸಬೇಕಾಯಿತು. ಬೈಲಹೊಂಗಲದ ಪಡಸಾಲೆಯಲ್ಲಿ ಕುಳಿತವರಿಗೆ ಅದು ಸ್ಟುಡಿಯೋದ ಸದ್ದೋ ಊರಿನ ಸದ್ದೋ ಎಂದು ಒಂದು ಕ್ಷಣ ತಿಳಿಯದೆ ಹೋದರೆ ಅದು ಅವರ ದೌರ್ಬಲ್ಯವಲ್ಲ. ಆದರೆ ಅವರಿಗೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಊಟ ಕಡಿಮೆಯಾದರೆ, ತಡಮಾಡದೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು; ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಿಮಗೆ ದೂರವಲ್ಲ.

ಪ್ರಶ್ನೆ: ನಮ್ಮ ಆಯಿ ಸಣ್ಣವಳಿದ್ದಾಗ ಅವಳ ಅಪ್ಪ ಮುಂಬಯಿಯ ಬಟ್ಟೆ ಗಿರಣಿಯಲ್ಲಿ ದುಡಿಯುತ್ತಿದ್ದರು. ಜಪಾನಿನವರು ಮುಂಬಯಿಯ ಮೇಲೆ ಬಾಂಬು ಹಾಕಿದರು, ಉರಿಯುವ ಹತ್ತಿ ಆಕಾಶದಿಂದ ಬಿತ್ತು, ಬಂಗಾರವೂ ಬಿತ್ತು, ಮರುದಿನವೇ ಎಲ್ಲರೂ ಗಾಡಿ ಹತ್ತಿ ಊರಿಗೆ ಬಂದೆವು ಎಂದು ಹೇಳುತ್ತಾಳೆ. ಬಂಗಾರದ ಮಾತು ಬಂದಾಗ ಮೊಮ್ಮಕ್ಕಳೆಲ್ಲ ನಗುತ್ತಾರೆ. ಜಪಾನ್ ಮುಂಬಯಿಯ ಮೇಲೆ ದಾಳಿ ಮಾಡಿತ್ತೇ? (ಗುಳೇದಗುಡ್ಡದಿಂದ)

ಉತ್ತರ: ಇಲ್ಲ. ಜಪಾನಿನ ವಿಮಾನಗಳು 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ, ಅದೇ ವರ್ಷದ ಡಿಸೆಂಬರಿನಿಂದ ಕಲಕತ್ತೆಯ ಮೇಲೆ ಬಾಂಬು ಹಾಕಿದವು. ಮುಂಬಯಿಯ ತನಕ ಬರಲಿಲ್ಲ. ಆದರೆ ನಿಮ್ಮ ಆಯಿ ಕಂಡದ್ದನ್ನೇ ಹೇಳುತ್ತಿದ್ದಾರೆ. 1944ರ ಏಪ್ರಿಲ್ 14ರ ಮಧ್ಯಾಹ್ನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ತಗುಲಿತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಕರಾಚಿಯಲ್ಲಿ ತುಂಬಿಸಿದ ಸಾವಿರಾರು ಹತ್ತಿಯ ಅಂಡಿಗೆಗಳಿದ್ದವು. ಜೊತೆಗೆ 31 ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿಗಳೂ ಇದ್ದವು. ನಾಲ್ಕು ಗಂಟೆ ದಾಟುತ್ತಲೇ ಒಂದು ಸ್ಫೋಟ, ಅರ್ಧ ಗಂಟೆಯಲ್ಲಿ ಅದಕ್ಕಿಂತ ದೊಡ್ಡ ಇನ್ನೊಂದು ಸ್ಫೋಟ. ಹೊತ್ತಿಕೊಂಡ ಹತ್ತಿ ಬಂದರಿನ ಸುತ್ತಲಿನ ಬಸ್ತಿಗಳ ಮೇಲೆ ನಿಜವಾಗಿಯೂ ಸುರಿಯಿತು, ನೂರಾರು ಜನ ಸತ್ತರು, ಸಾವಿರಾರು ಜನ ಮನೆ ಕಳೆದುಕೊಂಡರು. ಬಂಗಾರವೂ ಬಿದ್ದಿತು: ಬಂದರಿನಿಂದ ಒಂದು ಮೈಲಿಯಷ್ಟು ದೂರದಲ್ಲಿದ್ದ ಒಬ್ಬ ಪಾರ್ಸಿ ಗೃಹಸ್ಥರ ಮನೆಗೆ ಒಂದು ಚಿನ್ನದ ಗಟ್ಟಿ ಹಾರಿ ಬಂದು ಬಡಿದದ್ದು ದಾಖಲಾಗಿದೆ. ಮೊಮ್ಮಕ್ಕಳು ನಗುವ ಭಾಗವೇ ದಾಖಲೆಗೆ ಸರಿಹೊಂದುತ್ತದೆ. ಯಾರೂ ನಗದೆ ಕೇಳಿಸಿಕೊಳ್ಳುವ ಜಪಾನಿನ ಮಾತೇ ತಪ್ಪು.

ಈ ತಪ್ಪು ಹುಡುಗಿಯದಲ್ಲ, ದೊಡ್ಡವರದು. ಯುದ್ಧಕಾಲದ ಸೆನ್ಸಾರ್ ಇದ್ದುದರಿಂದ ಸ್ಫೋಟದ ಸುದ್ದಿಯನ್ನು ಬ್ರಿಟಿಷ್ ಸರ್ಕಾರ ವಾರಗಳ ಕಾಲ ತಡೆಹಿಡಿದಿತ್ತು. ಸುದ್ದಿ ಇಲ್ಲದ ಕಡೆ ಗಾಳಿಮಾತು ತಾನಾಗಿ ಹುಟ್ಟುತ್ತದೆ, ಮತ್ತು ಆಗ ಎಲ್ಲರ ಬಾಯಲ್ಲೂ ಇದ್ದ ಹೆಸರು ಜಪಾನ್. ಗಂಟುಮೂಟೆಯೊಡನೆ ಗಾಡಿ ಹತ್ತಿದ ಗಿರಣಿ ಕೆಲಸಗಾರರು ಹೋಟಗಿಯಲ್ಲಿ ಇಳಿದು ವಿಜಯಪುರದ ಕಡೆಯ ಸಣ್ಣ ಗಾಡಿಗೆ ಕಾಯುವಾಗ ಆಡಿಕೊಂಡ ಮಾತು ನಿಮ್ಮ ಆಯಿಯ ಕಿವಿಗೆ ಬಿದ್ದಿರಬೇಕು. ಕಣ್ಣಿನಿಂದ ಬಂದದ್ದು ಒಂದು ಕಡೆ, ಕಿವಿಯಿಂದ ಬಂದದ್ದು ಇನ್ನೊಂದು ಕಡೆ ಎಂದು ಮಗು ಬೇರ್ಪಡಿಸಿ ಇಟ್ಟುಕೊಳ್ಳುವುದಿಲ್ಲ. ಹಿರಿಯರ ನೆನಪುಗಳನ್ನು ಪರೀಕ್ಷಿಸುವಾಗ ನಾನು ಮೊದಲು ಮಾಡುವ ಕೆಲಸ ಇದನ್ನು ಬೇರ್ಪಡಿಸುವುದೇ. ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ಹೇಗಿತ್ತು, ಮನೆಯಲ್ಲಿ ಮಾವಿನಕಾಯಿ ಇದ್ದವೇ ಎಂದು ಕೇಳಿ. ಬೇಸಿಗೆಯಾಗಿದ್ದರೆ ನನ್ನ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ, ಆದರೆ ಅದೊಂದೇ ಸಾಲದು. ಏಕೆಂದರೆ 1942ರ ಬೇಸಿಗೆಯಲ್ಲಿಯೂ ಕರಾವಳಿಯ ನಗರಗಳಲ್ಲಿ ಭಯ ಹರಡಿತ್ತು, ಮದ್ರಾಸು ಏಪ್ರಿಲಿನಲ್ಲಿ ಬಹುಮಟ್ಟಿಗೆ ಖಾಲಿಯಾಗಿತ್ತು. ಹತ್ತಿ ಮತ್ತು ಬಂಗಾರ ಎರಡೂ ಒಟ್ಟಿಗೆ ಬಂದರೆ ಮಾತ್ರ 1944. ಅಂದು ಮಡಿದ 66 ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿಯೇ ಏಪ್ರಿಲ್ 14ನ್ನು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ ಎಂಬುದನ್ನು ಮೊಮ್ಮಕ್ಕಳಿಗೆ ಹೇಳಿ.

ಪ್ರಶ್ನೆ: 1961ರ ಡಿಸೆಂಬರಿನಲ್ಲಿ ನನಗೆ ಆರು ವರ್ಷ. ಪೋರ್ಚುಗೀಸರ ವಿಮಾನಗಳು ಬೆಳಗಾವಿಯ ಮೇಲೆ ಬಾಂಬು ಹಾಕುತ್ತವೆ ಎಂದು ಕಾಕಾ ನಮ್ಮನ್ನೆಲ್ಲ ಧಾರವಾಡದ ಅತ್ತಿಯ ಮನೆಗೆ ಕಳಿಸಿದರು. ಒಂದು ಬಾಂಬೂ ಬೀಳಲಿಲ್ಲ, ವಾರದೊಳಗೆ ಮರಳಿ ಬಂದೆವು. ಇದನ್ನು ಯುದ್ಧಕಾಲದ ನೆನಪು ಎಂದು ಹೇಳಿಕೊಂಡರೆ ತಮ್ಮಂದಿರು ಚೇಷ್ಟೆ ಮಾಡುತ್ತಾರೆ. (ಬೆಳಗಾವಿ ನಗರದಿಂದ)

ಉತ್ತರ: ಧಾರಾಳವಾಗಿ ಹೇಳಿಕೊಳ್ಳಿ. ಗೋವಾ ವಿಮೋಚನೆಯ ಕಾರ್ಯಾಚರಣೆಗೆ ಸೈನ್ಯ ಜಮಾವಣೆಗೊಂಡದ್ದು ಬೆಳಗಾವಿಯ ಸುತ್ತಮುತ್ತಲೇ. ಡಿಸೆಂಬರ್ 18ರಂದು ನಮ್ಮ ಪಡೆಗಳು ಗೋವೆಯನ್ನು ಹೊಕ್ಕವು, ದಾಬೋಳಿಯ ಓಡುದಾರಿಯ ಮೇಲೆ ನಮ್ಮ ವಿಮಾನಗಳು ಬಾಂಬು ಹಾಕಿದವು, 19ರಂದು ಪೋರ್ಚುಗೀಸರು ಶರಣಾದರು. ರಸ್ತೆಯಲ್ಲಿ ಮಿಲಿಟರಿ ಲಾರಿಗಳ ಸಾಲು, ಸಾಂಬ್ರಾ ವಿಮಾನನೆಲೆಯ ಮೇಲೆ ವಿಮಾನಗಳ ಸದ್ದು ಇರುವಾಗ, ಎದುರಿನವರೂ ಹೀಗೆಯೇ ಹಾರಿ ಬಂದರೆ ಏನು ಗತಿ ಎಂದು ಮನೆಯ ಯಜಮಾನ ಯೋಚಿಸಿದ್ದರಲ್ಲಿ ಹಾಸ್ಯಾಸ್ಪದವಾದದ್ದು ಏನೂ ಇಲ್ಲ. ಗೋವೆಯಲ್ಲಿ ಪೋರ್ಚುಗೀಸರ ಬಳಿ ಒಂದೂ ಯುದ್ಧವಿಮಾನ ಇರಲಿಲ್ಲ, ಇದ್ದ ಎರಡು ಪ್ರಯಾಣಿಕ ವಿಮಾನಗಳೂ ರಾತ್ರೋರಾತ್ರಿ ಕರಾಚಿಗೆ ಪಾರಾದವು ಎಂಬುದು ಇಂದು ನಮಗೆ ಗೊತ್ತು; ನಿಮ್ಮ ಕಾಕಾನವರಿಗೆ ಅಂದು ಗೊತ್ತಿರಲು ಕಾರಣವಿರಲಿಲ್ಲ.

ಪ್ರಶ್ನೆ: ನಮ್ಮ ಅಜ್ಜನಿಗೆ ಈಗ ತೊಂಬತ್ತು ದಾಟಿದೆ. ಹುಡುಗನಾಗಿದ್ದಾಗ ತಂಬಾಕಿನ ವ್ಯಾಪಾರಕ್ಕೆ ತಂದೆಯೊಡನೆ ಕೊಲ್ಹಾಪುರಕ್ಕೆ ಹೋದಾಗ, ಅಲ್ಲಿ ಸಾವಿರಗಟ್ಟಲೆ ಬಿಳಿಯ ಹೆಂಗಸರು, ಮಕ್ಕಳು ಶೆಡ್ಡುಗಳಲ್ಲಿ ಇದ್ದುದನ್ನು ಕಂಡೆ, ಅವರು ಜರ್ಮನ್ ಕೈದಿಗಳ ಸಂಸಾರಗಳು, ಅವರಲ್ಲಿ ಒಬ್ಬ ಹುಡುಗಿ ಸಂತೆಯಲ್ಲಿ ಮರಾಠಿಯಲ್ಲಿ ಎಣಿಸಿ ದುಡ್ಡು ಕೊಡುತ್ತಿದ್ದಳು ಎನ್ನುತ್ತಾರೆ. ಅವರು ಯಾರು? (ನಿಪ್ಪಾಣಿಯಿಂದ)

ಉತ್ತರ: ಅವರು ಪೋಲೆಂಡಿನವರು, ಮತ್ತು ಕೈದಿಗಳಲ್ಲ. ನಿಪ್ಪಾಣಿಯಿಂದ ಒಂದು ತಾಸಿನ ದಾರಿಯಲ್ಲಿ, ಕೊಲ್ಹಾಪುರದ ಹತ್ತಿರವಿರುವ ವಳಿವಡೆಯಲ್ಲಿ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರ ವಸತಿಯಿತ್ತು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಗಂಡಸರು ಸೈನ್ಯದಲ್ಲಿದ್ದರು ಅಥವಾ ಸತ್ತಿದ್ದರು. ಆ ಕಾಲದಲ್ಲಿ ಬೆಂಗಳೂರೂ ಸೇರಿದಂತೆ ಹಲವು ಕಡೆ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರಿಂದ, ಶೆಡ್ಡಿನಲ್ಲಿರುವ ಬಿಳಿಯರೆಂದರೆ ಕೈದಿಗಳೇ ಎಂದು ಜನ ತಿಳಿದದ್ದು ಸಹಜ.

ಆ ಮಕ್ಕಳು ವಳಿವಡೆಗೆ ಬಂದ ದಾರಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಯುದ್ಧಕಾಲದಲ್ಲಿ ಮಕ್ಕಳನ್ನು ಸಾಗಿಸಿದ ದಾರಿಗಳಲ್ಲಿ ಇದಕ್ಕಿಂತ ಉದ್ದವಾದವು ಹೆಚ್ಚಿಲ್ಲ. 1939ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಪಶ್ಚಿಮ ಭಾಗ ಜರ್ಮನಿಯ ಪಾಲಾಯಿತು, ಪೂರ್ವ ಭಾಗ ಸೋವಿಯತ್ ಒಕ್ಕೂಟದ ಪಾಲಾಯಿತು. 1940ರ ಫೆಬ್ರುವರಿಯ ಕೊರೆಯುವ ಚಳಿಯಲ್ಲಿ ಆ ಪೂರ್ವ ಭಾಗದ ಕುಟುಂಬಗಳನ್ನು ಮನೆಗಳಿಂದ ಎಬ್ಬಿಸಿ, ಸರಕುಗಾಡಿಗಳಲ್ಲಿ ತುಂಬಿ ಸೈಬೀರಿಯಾಕ್ಕೂ ಉತ್ತರದ ಕಾಡುಗಳಿಗೂ ಸಾಗಿಸತೊಡಗಿದರು; ಮುಂದಿನ ಸರದಿಗಳಲ್ಲಿ ಕಜಾಕ್‌ಸ್ತಾನಕ್ಕೂ ಕಳಿಸಿದರು. 1941ರಲ್ಲಿ ಜರ್ಮನಿ ಸೋವಿಯತ್ ಮೇಲೆಯೇ ತಿರುಗಿಬಿದ್ದ ಮೇಲೆ, ಆ ವರ್ಷದ ಜುಲೈ 30ರ ಒಪ್ಪಂದದಂತೆ ಅವರನ್ನು ಬಿಡುಗಡೆ ಮಾಡಿದರು. ಹಸಿವು, ಟೈಫಸ್‌ಗಳ ನಡುವೆ ದಕ್ಷಿಣಕ್ಕೆ ನಡೆದ ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ 1942ರಲ್ಲಿ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂದರು. ಅಲ್ಲಿಂದ ಮಕ್ಕಳನ್ನೂ ತಾಯಂದಿರನ್ನೂ ಆಫ್ರಿಕಾ, ಮೆಕ್ಸಿಕೋ, ನ್ಯೂಜಿಲೆಂಡ್ ಮತ್ತು ಭಾರತಕ್ಕೆ ಹಂಚಿದರು. ಭಾರತದಲ್ಲಿ ಅವರಿಗೆ ಮೊದಲು ಬಾಗಿಲು ತೆರೆದವರು ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ; ಜಾಮ್‌ನಗರದ ಹತ್ತಿರದ ಬಾಲಾಚಡಿಯಲ್ಲಿ ನೂರಾರು ಅನಾಥ ಮಕ್ಕಳನ್ನು ಇರಿಸಿಕೊಂಡರು. ವಳಿವಡೆಯದು ಅದಕ್ಕಿಂತ ದೊಡ್ಡ ವಸತಿ. ಅಲ್ಲಿ ಪೋಲಿಷ್ ಶಾಲೆಗಳು, ಚರ್ಚು, ಆಸ್ಪತ್ರೆ, ಸ್ಕೌಟು ದಳ, ನಾಟಕ, ಎಲ್ಲ ಇದ್ದವು. ಅಂಥ ಒಂದು ಊರಿನಲ್ಲಿ ಐದು ವರ್ಷ ಬೆಳೆದ ಹುಡುಗಿಗೆ ಮರಾಠಿಯ ಎಣಿಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ, ಅಜ್ಜನವರ ಮಾತು ನಂಬತಕ್ಕದ್ದೇ.

ಯುದ್ಧ ಮುಗಿದ ಮೇಲೆ ಅವರ ಊರುಗಳೇ ಸೋವಿಯತ್ ಗಡಿಯೊಳಗೆ ಸೇರಿಹೋಗಿದ್ದರಿಂದ ಬಹಳಷ್ಟು ಜನ ಮನೆಗೆ ಮರಳಲೇ ಇಲ್ಲ. ಇಂಗ್ಲೆಂಡು, ಆಸ್ಟ್ರೇಲಿಯಾ, ಕೆನಡಾಗಳಿಗೆ ಹೋದರು. ಅವರು ಬಿಟ್ಟುಹೋದ ಶೆಡ್ಡುಗಳಿಗೆ ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡ ಸಿಂಧಿಗಳು ಬಂದು ನೆಲೆಸಿದರು. ಅದೇ ಇಂದಿನ ಗಾಂಧಿನಗರ. ಮದುವೆಯ ಜವಳಿಗೆಂದು ನಿಪ್ಪಾಣಿ, ಚಿಕ್ಕೋಡಿ, ಬೆಳಗಾವಿಗಳಿಂದ ನಾವೆಲ್ಲ ಹೋಗುವ ಆ ಸಗಟು ಪೇಟೆಯಲ್ಲಿ ಸೀರೆಯ ದರ ಕೇಳುವವರಿಗೆ, ತಾವು ನಿಂತ ನೆಲ ಒಂದರ ಹಿಂದೆ ಒಂದರಂತೆ ಎರಡು ಸಮುದಾಯಗಳಿಗೆ ಆಸರೆಯಾಗಿತ್ತು ಎಂಬುದು ನೆನಪಿರುವುದಿಲ್ಲ. ಅಜ್ಜನವರಿಗೆ ಪ್ರಯಾಣ ಮಾಡುವ ಶಕ್ತಿಯಿದ್ದರೆ ಕೊಲ್ಹಾಪುರದ ಮಹಾವೀರ ಉದ್ಯಾನದಲ್ಲಿರುವ ಪೋಲಿಷ್ ಸ್ಮಾರಕವನ್ನು ತೋರಿಸಿ ತನ್ನಿ. ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿಯೂ ಕೊಲ್ಹಾಪುರದ ಹೆಸರಿನ ಸ್ಮಾರಕವಿದೆ. 2024ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಭೇಟಿ ಕೊಟ್ಟಿದ್ದರು.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನ ಶಿಕ್ಷಕಿ. ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ, ಲಂಡನ್ನಿನ ಮಕ್ಕಳನ್ನು ಕೊರಳಿಗೆ ಚೀಟಿ ಕಟ್ಟಿ ಹಳ್ಳಿಗಳಿಗೆ ಕಳಿಸಿದರು ಎಂದು ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, “ಟೀಚರ್, ಅವರ ಅವ್ವ ಯಾಕೆ ಜೊತೆಗೆ ಹೋಗಲಿಲ್ಲ?” ಎಂದು ಕೇಳಿದಳು. ಸರಿಯಾದ ಉತ್ತರ ಹೊಳೆಯಲಿಲ್ಲ. (ವಿಜಯಪುರದಿಂದ)

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿದ್ದನ್ನೇ ಆಗಿನ ಕೆಲವು ಮನೋವೈದ್ಯರೂ ಕೇಳಿದ್ದರು. 1939ರ ಸೆಪ್ಟೆಂಬರ್ 1ರಿಂದ ಕೆಲವೇ ದಿನಗಳಲ್ಲಿ ಬ್ರಿಟನ್ ತನ್ನ ದೊಡ್ಡ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೂ ಸಣ್ಣ ಊರುಗಳಿಗೂ ಸಾಗಿಸಿತು. ಅವರಲ್ಲಿ 8 ಲಕ್ಷದಷ್ಟು ಮಕ್ಕಳು ಶಿಕ್ಷಕರೊಡನೆ ಹೋದ ಶಾಲಾ ಮಕ್ಕಳು. ಐದು ವರ್ಷದೊಳಗಿನ ಮಕ್ಕಳ ಜೊತೆ ತಾಯಂದಿರೂ ಹೋದರು. ಅದಕ್ಕಿಂತ ದೊಡ್ಡ ಮಕ್ಕಳ ತಾಯಂದಿರು ಹಿಂದೆ ಉಳಿದರು: ಗಂಡನಿದ್ದ, ಮನೆಯಿತ್ತು, ಅನೇಕರಿಗೆ ಕೆಲಸವಿತ್ತು, ಹಳ್ಳಿಯ ಮನೆಗಳಲ್ಲಿ ಅಷ್ಟು ಜನಕ್ಕೆ ಜಾಗವೂ ಇರಲಿಲ್ಲ. ಯುದ್ಧ ಘೋಷಣೆಯಾದ ಕೂಡಲೇ ವಿಷಾನಿಲದ ಬಾಂಬುಗಳು ಬೀಳುತ್ತವೆ ಎಂಬ ಭಯದಲ್ಲಿ ಎಲ್ಲವನ್ನೂ ಅವಸರದಿಂದ ಮಾಡಿದರು. ಮಕ್ಕಳ ಹೆಗಲಲ್ಲಿ ಅನಿಲ ಮುಖವಾಡದ ಪೆಟ್ಟಿಗೆ, ತೊಟ್ಟ ಕೋಟಿನ ಮೇಲೆ ಹೆಸರಿನ ಚೀಟಿ. ಹಳ್ಳಿಯ ಸಭಾಭವನದಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿದಾಗ ಮನೆಯವರು ಬಂದು ತಮಗೆ ಬೇಕಾದ ಮಗುವನ್ನು ಆರಿಸಿಕೊಂಡು ಹೋಗುತ್ತಿದ್ದರು. ಅಣ್ಣತಮ್ಮಂದಿರು ಬೇರೆ ಬೇರೆ ಮನೆ ಸೇರಿದರು, ಮೈಕೈ ಗಟ್ಟಿಯಿಲ್ಲದವರು ಕೊನೆಗೆ ಉಳಿದರು. ವೃದ್ಧರಾದ ಮೇಲೂ ಅವರು ಬಿಡದೆ ಹೇಳುವುದು ಆ ಸಾಲಿನಲ್ಲಿ ನಿಂತ ಹೊತ್ತನ್ನು. ಯಾರಿಗೂ ಬೇಡವಾಗಿ ಉಳಿಯುತ್ತೇನೆಯೇ ಎಂದು ಕಾದ ಆ ಗಳಿಗೆ ಬಾಂಬಿಗಿಂತ ಹೆಚ್ಚು ಕಾಲ ಬಾಳಿದೆ. ಆಶ್ರಯ ಕೊಟ್ಟ ಮನೆಗೆ ಸರ್ಕಾರ ಒಂದು ಮಗುವಿಗೆ ವಾರಕ್ಕೆ 10 ಶಿಲ್ಲಿಂಗ್ 6 ಪೆನ್ಸ್ ಕೊಡುತ್ತಿತ್ತು. ಕೆಲವರು ಸ್ವಂತ ಮಕ್ಕಳಂತೆ ನೋಡಿಕೊಂಡರು, ಕೆಲವರು ಆ ದುಡ್ಡಿಗಾಗಿ ಇಟ್ಟುಕೊಂಡರು.

ಆದರೆ ಬಾಂಬು ಬೀಳಲಿಲ್ಲ. 1940ರ ಜನವರಿಯ ವೇಳೆಗೆ ಹೆಚ್ಚುಕಡಿಮೆ ಅರ್ಧದಷ್ಟು ಜನ ಮನೆಗೆ ಮರಳಿದ್ದರು. ಲಂಡನ್ನಿನ ಮೇಲೆ ಎಡೆಬಿಡದ ದಾಳಿ ಶುರುವಾದದ್ದು ಆ ವರ್ಷದ ಸೆಪ್ಟೆಂಬರ್ 7ರಂದು. ಮತ್ತೆ ಮಕ್ಕಳನ್ನು ಕಳಿಸಬೇಕಾಯಿತು. ಸಮುದ್ರದಾಚೆಗೆ ಕಳಿಸುವ ಯೋಜನೆಯೂ ಇತ್ತು. ಸಿಟಿ ಆಫ್ ಬನಾರಸ್ ಎಂಬ ಹಡಗು, ನಮ್ಮ ಕಾಶಿಯ ಹೆಸರು ಹೊತ್ತದ್ದು, ಸೆಪ್ಟೆಂಬರ್ 17ರ ರಾತ್ರಿ ಅಟ್ಲಾಂಟಿಕ್‌ನಲ್ಲಿ ಜರ್ಮನ್ ಜಲಾಂತರ್ಗಾಮಿಗೆ ಸಿಕ್ಕಿ ಮುಳುಗಿತು. ಆ ಯೋಜನೆಯಲ್ಲಿ ಹೊರಟಿದ್ದ 90 ಮಕ್ಕಳಲ್ಲಿ 77 ಮಕ್ಕಳು ಸತ್ತರು. ಅಲ್ಲಿಗೆ ಆ ಯೋಜನೆ ನಿಂತಿತು.

ಚಿಕ್ಕ ಮಕ್ಕಳನ್ನು ತಾಯಿಯಿಲ್ಲದೆ ಕಳಿಸುವುದು ಅಪಾಯ ಎಂದು ಜಾನ್ ಬೌಲ್ಬಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1939ರ ಡಿಸೆಂಬರಿನಲ್ಲಿಯೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಲಂಡನ್ನಿನಲ್ಲಿ ಯುದ್ಧಕಾಲದ ಶಿಶುಗೃಹಗಳನ್ನು ನಡೆಸಿದ ಆನ್ನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಮಕ್ಕಳನ್ನು ದಿನವೂ ಕಂಡು ಬರೆದಿಟ್ಟದ್ದು ಇನ್ನೂ ಸ್ಪಷ್ಟವಾಗಿದೆ: ತಾಯಿ ಪಕ್ಕದಲ್ಲಿದ್ದು ಆಕೆ ಧೈರ್ಯವಾಗಿದ್ದರೆ ಎಳೆಯ ಮಕ್ಕಳು ಬಾಂಬುಗಳ ಸದ್ದನ್ನೂ ತಡೆದುಕೊಂಡರು, ಅಗಲಿಕೆಯೇ ಅವರನ್ನು ಹೆಚ್ಚು ಕೆಡಿಸಿತು. ಫಿನ್‌ಲೆಂಡ್ ಸುಮಾರು 70,000 ಮಕ್ಕಳನ್ನು ಹೆಚ್ಚಾಗಿ ಸ್ವೀಡನ್ನಿಗೆ ಕಳಿಸಿತ್ತು. ಅವರಲ್ಲಿ ಎಷ್ಟೋ ಮಕ್ಕಳು ಮರಳಿ ಬಂದಾಗ ತಾಯಿಯ ಭಾಷೆಯನ್ನೇ ಮರೆತಿದ್ದರು.

ಹಾಗಾದರೆ ಕಳಿಸಬಾರದಿತ್ತೇ? ಹಾಗೆ ಹೇಳುವುದು ನನಗೆ ಸುಲಭವಾಗಿ ಕಾಣುವುದಿಲ್ಲ, ಏಕೆಂದರೆ ಲಂಡನ್ನಿಗೆ ಮರಳಿ ಬಂದ ಮಕ್ಕಳಲ್ಲಿ ಕೆಲವರು ಬಾಂಬಿಗೆ ಸಿಕ್ಕಿ ಸತ್ತದ್ದೂ ನಿಜ. ತರಗತಿಯಲ್ಲಿ ಇದನ್ನು ಹೇಳುವಾಗ ಮೇಲಿನ ಬೈಲಹೊಂಗಲದ ಪತ್ರವನ್ನೂ ಓದಿ ತೋರಿಸಿ. ಆ ಎಂಟು ವರ್ಷದ ಹುಡುಗಿಯೂ ಕತ್ತಲ ಸ್ಟೇಷನ್ನಿನಿಂದ ಹೊರಟವಳೇ, ಆದರೆ ಪಕ್ಕದಲ್ಲಿ ತಾಯಿಯಿದ್ದಳು, ಅಣ್ಣನಿದ್ದ, ಇಳಿದದ್ದು ತನ್ನ ಅಜ್ಜನ ಊರಿನಲ್ಲಿ. ಆಕೆಯ ನೆನಪಿನಲ್ಲಿ ಸೀತನಿಗೆ ಜಾಗವಿರುವುದು ಅದರಿಂದಲೇ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಇಂಥದೇ ಅನುಭವವಿರುವ ನಮ್ಮ ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಕೆಂದಿದ್ದೇನೆ. ಏನು ಕೇಳಬೇಕು? (ಅಥಣಿಯಿಂದ)

ಉತ್ತರ: ಇಸವಿಯಿಂದ ಶುರುಮಾಡಬೇಡಿ. ಕೈಯಲ್ಲಿ ಏನು ಹಿಡಿದುಕೊಂಡು ಹೊರಟಿರಿ, ದಾರಿಯಲ್ಲಿ ಬುತ್ತಿ ಯಾರು ಕೊಟ್ಟರು, ಹೋದ ಮನೆಯಲ್ಲಿ ಬಾಗಿಲು ತೆರೆದವರು ಯಾರು, ಮೊದಲ ರಾತ್ರಿ ಯಾರ ಪಕ್ಕದಲ್ಲಿ ಮಲಗಿದಿರಿ, ಆ ಮನೆಯ ಮಕ್ಕಳು ನಿಮ್ಮನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ಅವರು ಹೇಳಿದ ತಾರೀಖು ತಪ್ಪೆಂದು ತಿಳಿದಿದ್ದರೂ ನಡುವೆ ಬಾಯಿ ಹಾಕಬೇಡಿ. ತಿದ್ದಿದ ಮೇಲೆ ಅವರು ನಿಮಗೆ ಸರಿಯೆನಿಸುವುದನ್ನೇ ಹೇಳತೊಡಗುತ್ತಾರೆ. ಮೊದಲು ಅವರೊಬ್ಬರನ್ನೇ ಕೂರಿಸಿ ಕೇಳಿ, ಒಡಹುಟ್ಟಿದವರಿದ್ದರೆ ಇನ್ನೊಂದು ದಿನ ಎಲ್ಲರನ್ನೂ ಸೇರಿಸಿ. ಬರೆದಿಡುವುದಾದರೆ ಅವರ ಅಥಣಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಲು ಹೋಗಬೇಡಿ. ಕಣ್ಣು ತುಂಬಿ ಅವರು ಮಾತು ನಿಲ್ಲಿಸಿದರೆ ನೀವೂ ಫೋನು ಕೆಳಗಿಡಿ, ಉಳಿದದ್ದು ಮತ್ತೊಂದು ದಿನಕ್ಕಿರಲಿ. ರೆಕಾರ್ಡಿನ ಆರಂಭದಲ್ಲಿ ದಿನಾಂಕ, ಊರು ಮತ್ತು ಅವರ ವಯಸ್ಸನ್ನು ನಿಮ್ಮ ಧ್ವನಿಯಲ್ಲಿ ಹೇಳಿ. ಫೋನು ಬದಲಿಸುವಾಗ ಇಂಥ ರೆಕಾರ್ಡುಗಳು ಅಳಿಸಿಹೋಗುವುದು ಬಹಳ, ಆದ್ದರಿಂದ ಅದೇ ದಿನ ಒಂದು ಪ್ರತಿಯನ್ನು ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ಹಾಕಿಡಿ.